ಒಂದೇ ಚೀಟಿ, ನಾಲ್ಕು ಅಂಗಡಿ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಜೀನಸಿನ ಬಿಲ್ಲುಗಳನ್ನೆಲ್ಲ ಅದಕ್ಕೆ ಚುಚ್ಚಿಡುವುದು ಅತ್ತೆಯ ಕಾಲದ ಕ್ರಮ. ದೀಪಾವಳಿಗೆ ಮನೆ ಗುಡಿಸುವಾಗ ಎಲ್ಲ ಕಿತ್ತು ಒಲೆಗೆ ಹಾಕುತ್ತಿದ್ದರು. 2024ರ ಮಾರ್ಚ್‌ನಿಂದ ಜೂನ್‌ವರೆಗಿನ ಬಿಲ್ಲುಗಳನ್ನು ಮಾತ್ರ ನಾನು ಒಲೆಗೆ ಹಾಕಲಿಲ್ಲ. ಬಿಸ್ಕೆಟ್ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಒಂದು ಪಂದ್ಯ ನಡೆದಿತ್ತು.

ಪಂದ್ಯಕ್ಕೆ ಕಾರಣ ಮಾವೇಲಿ. ನಾವು ಕಾಸರಗೋಡಿನವರು, ಗಡಿಯಾಚೆ ಕರ್ನಾಟಕದವರಿಗೆ ಇದೇನೆಂದು ಗೊತ್ತಿರಲಿಕ್ಕಿಲ್ಲ. ಕೇರಳ ಸರಕಾರದ ಸಿವಿಲ್ ಸಪ್ಲೈಸ್ ಕಾರ್ಪೊರೇಷನ್, ಅಂದರೆ ಸಪ್ಲೈಕೊ, 1974ರಲ್ಲಿ ಶುರುವಾದದ್ದು. ಅದು ನಡೆಸುವ ಅಂಗಡಿಗೆ ಮಾವೇಲಿ ಸ್ಟೋರ್ ಅಂತ ಹೆಸರು. ಮಾವೇಲಿ ಅಂದರೆ ಬಲಿ ಚಕ್ರವರ್ತಿ. ಮಲಯಾಳಿಗಳಿಗೆ ಓಣಂಗೆ ಬರುವ ಅರಸ, ನಮಗೆ ದೀಪಾವಳಿಗೆ ಗದ್ದೆ ಬದಿಯಲ್ಲಿ ದೀಪ ಇಟ್ಟು ಕೂಗಿ ಕರೆಯುವ ಬಲಿಯೇಂದ್ರ. ಅರಸ ಒಬ್ಬನೇ, ಬರುವ ತಿಂಗಳು ಬೇರೆ. ಈ ಮಾವೇಲಿಯಲ್ಲಿ 13 ಸಾಮಾನುಗಳಿಗೆ ಸಬ್ಸಿಡಿ. ಅವುಗಳ ಕ್ರಯ 2016ರಿಂದ ಅಲ್ಲಾಡದೆ ನಿಂತಿತ್ತು. 2024ರ ಫೆಬ್ರವರಿಯಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಇನ್ನು ಮುಂದೆ ಪೇಟೆಯ ಕ್ರಯಕ್ಕಿಂತ 35 ಶೇಕಡ ಕಡಿಮೆ, ಪೇಟೆ ಏರಿದರೆ ಇದೂ ಏರುತ್ತದೆ ಎಂದಿತು. 65 ರೂಪಾಯಿಯ ತೊಗರಿಬೇಳೆ ಒಂದೇ ಏಟಿಗೆ 111 ಆಯಿತು. 43ರ ಕಡಲೆ 70ರ ಹತ್ತಿರ ಬಂತು. 22ರ ಸಕ್ಕರೆ 27 ದಾಟಿತು.

ಆ ವಾರ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. "ಇನ್ನು ಮಾವೇಲಿಯಲ್ಲಿ ಕ್ಯೂ ನಿಲ್ಲುವುದು ಸುಮ್ನೆ" ಅಂದರು ಒಬ್ಬರು. ಮಂಗಳೂರಿನ ದೊಡ್ಡ ಅಂಗಡಿಯೇ ಅಗ್ಗ ಅಂತ ಇನ್ನೊಬ್ಬರು. ಇಲ್ಲೇ ಹತ್ತಿರದ ಪೇಟೆ ಉಪ್ಪಳದಲ್ಲಿ ಹೊಸದಾಗಿ ಆದ ಸೂಪರ್ ಮಾರ್ಕೆಟ್ ನೋಡಿದ್ದೀರಾ ಅಂತ ಮಲಯಾಳಂ ಟೀಚರ್. ಮನೆಗೆ ಬಂದರೆ ನಮ್ಮವರದ್ದೂ ಅದೇ ರಾಗ. ನಾನು ಕಲಿಸುವುದು ಗಣಿತ. ಬಾಯಿಲೆಕ್ಕ ನಂಬುವ ಜಾತಿ ಅಲ್ಲ. "ಒಂದೇ ಚೀಟಿ ಹಿಡ್ಕೊಂಡು ನಾಲ್ಕು ತಿಂಗಳು ನಾಲ್ಕು ಕಡೆ ಹೋಗ್ತೇನೆ. ಆಮೇಲೆ ಮಾತಾಡುವ" ಅಂದೆ.

ಚೀಟಿ ಹೀಗಿತ್ತು: ತೊಗರಿಬೇಳೆ ಎರಡು ಕೆಜಿ, ಉದ್ದಿನಬೇಳೆ, ಹೆಸರು, ಕಡಲೆ ಒಂದೊಂದು, ಸಕ್ಕರೆ ಮೂರು, ಒಣಮೆಣಸು ಮತ್ತು ಕೊತ್ತಂಬರಿ ಅರ್ಧರ್ಧ, ರವೆ ಎರಡು, ಅವಲಕ್ಕಿ ಒಂದು, ಚಹಾಪುಡಿ ಅರ್ಧ. ಮತ್ತೆ ಬಟ್ಟೆ ಒಗೆಯುವ ಪುಡಿ ಎರಡು ಕೆಜಿ, ಮೈಸೋಪು ಆರು, ಪಾತ್ರೆ ಸೋಪು ನಾಲ್ಕು, ಒಂದು ಪೇಸ್ಟ್. ಮನೆಯಲ್ಲಿ ನಾಲ್ಕು ಜನ. ಅಕ್ಕಿ ಮತ್ತು ತೆಂಗಿನೆಣ್ಣೆಯನ್ನು ಪಂದ್ಯದಿಂದ ಹೊರಗಿಟ್ಟೆ. ಎಣ್ಣೆ ನಮ್ಮದೇ ಕೊಬ್ಬರಿ ಮಿಲ್ಲಿಗೆ ಕೊಟ್ಟು ಆಡಿಸಿಕೊಂಡು ಬರುವುದು. ಅಕ್ಕಿಯ ವಿಷಯದಲ್ಲಿ ನಮ್ಮವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ಅವರಿಗೆ ಬೇಕಾದ ಕುಚ್ಚಲಕ್ಕಿ ಒಂದೇ ಮಿಲ್ಲಿನದು, ಮೂವತ್ತು ವರ್ಷದಿಂದ.

ಮಾರ್ಚ್ ತಿಂಗಳು ನಮ್ಮ ಹಳೆಯ ಜೀನಸು ಅಂಗಡಿಗೆ. ಬಂದ್ಯೋಡಿನಿಂದ ಒಳಗೆ ಬರುವ ರಸ್ತೆಯಲ್ಲಿದೆ. ಅಂಗಡಿಯವರನ್ನು ಊರಿಡೀ ಮಾಮ್ ಅಂತಲೇ ಕರೆಯುವುದು. ಚೀಟಿಗೆ ಅವರು ಹಾಕಿದ ಲೆಕ್ಕ 2128 ರೂಪಾಯಿ. 28 ಬಿಟ್ಟು 2100 ತೆಗೆದುಕೊಂಡರು. ಆ ಬಿಟ್ಟದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆಂದರೆ ಮುಂದಿನ ಸಲ 2095 ಆದರೆ ಅವರು 2100 ಅನ್ನುತ್ತಾರೆ. ನಾಲ್ಕು ತಿಂಗಳಲ್ಲಿ ಪೇಟೆಯ ಕ್ರಯ ಆಚೀಚೆ ಆಗುತ್ತದಲ್ಲ? ಹಾಗಾಗಿ ಪ್ರತಿ ತಿಂಗಳೂ ಅವರ ಹತ್ತಿರ ಕ್ರಯ ಕೇಳಿ ಚೀಟಿಯ ಬೆನ್ನಿಗೆ ಬರೆದುಕೊಂಡೆ. ದೊಡ್ಡ ವ್ಯತ್ಯಾಸ ಏನೂ ಬರಲಿಲ್ಲ. ಮೂರನೆಯ ತಿಂಗಳು ಅವರೇ ಕೇಳಿದರು, "ಟೀಚರೇ, ಕ್ರಯ ಕೇಳ್ತೀರಿ, ಸಾಮಾನು ಕೊಳ್ಳುದಿಲ್ಲ. ಅಂಗಡಿ ಏನಾದ್ರೂ ಇಡ್ತೀರಾ?"

ಮಾಮ್ ಅಂಗಡಿಯಲ್ಲಿ ಬೇಳೆ ಗೋಣಿಯಿಂದ ತೆಗೆದು ತೂಗುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಬೇಳೆ ಅಕ್ಕಿಗೆ 25 ಕೆಜಿವರೆಗೆ 5 ಶೇಕಡ ಜಿಎಸ್‌ಟಿ ಬಂತು. ಕಣ್ಣೆದುರು ತೂಗಿ ಕೊಡುವ ಬಿಡಿ ಬೇಳೆಗೆ ಇಲ್ಲ. ಅಂದರೆ ಚಂದದ ಪ್ಯಾಕೆಟಿನ ಬೇಳೆ ಓಟ ಶುರುವಾಗುವ ಮೊದಲೇ ಐದು ಹೆಜ್ಜೆ ಹಿಂದೆ. ಮಾಮ್ ಬೇಳೆಯಲ್ಲಿ ಸೋಲುವುದಿಲ್ಲ. ಸೋಲುವುದು ಸೋಪು, ಪೇಸ್ಟ್, ಚಹಾಪುಡಿಯಲ್ಲಿ. ಅಲ್ಲಿ ಪೂರ್ತಿ ಎಂಆರ್‌ಪಿ. ಒಂದು ರೂಪಾಯಿ ಬಿಡುವುದಿಲ್ಲ. ಕೇಳಿದರೆ ಹೇಳುತ್ತಾರೆ: "ಕಂಪನಿಯ ಏಜೆಂಟ್ ನನಗೆ ಕೊಡುವ ರೇಟಿಗಿಂತ ಆ ದೊಡ್ಡ ಅಂಗಡಿಯವರು ಮಾರುವ ರೇಟೇ ಕಮ್ಮಿ. ನಾನೇ ಅಲ್ಲಿಂದ ತಂದು ಇಲ್ಲಿ ಮಾರಬಹುದು, ಗೊತ್ತುಂಟಾ?"

ಆದರೆ ಅವರ ಹತ್ತಿರ ಒಂದು ಸಾಲದ ಪುಸ್ತಕ ಇದೆ. ಕೆಂಪು ಬಟ್ಟೆಯ ರಟ್ಟಿನದು. ನಮ್ಮ ಕಡೆ ಸಂಬಳದ ಮನೆ ಕಮ್ಮಿ, ಅಡಿಕೆಯ ಮನೆ ಜಾಸ್ತಿ. ಅಡಿಕೆ ಸುಲಿದು, ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊಗೋ ವ್ಯಾಪಾರಿಗೋ ಕೊಟ್ಟ ಮೇಲೆಯೇ ಕೈಯಲ್ಲಿ ದುಡ್ಡು. ಕ್ರಯ ಇಲ್ಲದ ವರ್ಷ ಅಡಿಕೆ ಅಟ್ಟದಲ್ಲೇ ಕೂತಿರುತ್ತದೆ. ಅಷ್ಟು ತಿಂಗಳೂ ಆ ಪುಸ್ತಕವೇ ಅನ್ನ ಹಾಕುವುದು. ಪೇಸ್ಟಿನ ಮೇಲೆ ಹತ್ತು ರೂಪಾಯಿ ಬಿಡಲಿಲ್ಲ ಅಂತ ಅವರ ಹತ್ತಿರ ಜಗಳ ಆಡುವ ಧೈರ್ಯ ಇರುವುದು ನನ್ನ ಹಾಗೆ ಒಂದನೇ ತಾರೀಕಿಗೆ ಸಂಬಳ ಬರುವವರಿಗೆ ಮಾತ್ರ.

ಏಪ್ರಿಲ್‌ನಲ್ಲಿ ಮಾವೇಲಿ. ಶಾಲೆಗೆ ರಜೆ. ಸಬ್ಸಿಡಿ ಸಾಮಾನಿಗೆ ರೇಷನ್ ಕಾರ್ಡು ಬೇಕು, ಬಣ್ಣ ಯಾವುದಾದರೂ ಅಡ್ಡಿಯಿಲ್ಲ. ನಮ್ಮದು ಬಿಳಿ. ಒಂದು ಕಾರ್ಡಿಗೆ ತಿಂಗಳಿಗೆ ಇಷ್ಟೇ ಅಂತ ಆಗ ಲೆಕ್ಕ ಇತ್ತು: ಬೇಳೆಕಾಳು ಒಂದೊಂದು ಕೆಜಿ, ಸಕ್ಕರೆ ಒಂದು, ಮೆಣಸು ಕೊತ್ತಂಬರಿ ಅರ್ಧರ್ಧ. ಹಾಗಾಗಿ ನನ್ನ ಚೀಟಿ ಇಡಿಯಾಗಿ ಅಲ್ಲಿ ತೀರುವುದಿಲ್ಲ. ಸಬ್ಸಿಡಿಗೆ ಸಿಗುವ ಏಳು ಸಾಮಾನು ಮಾತ್ರ ಹಿಡಿದು ಲೆಕ್ಕ ಹಾಕಿದೆ. ಪೈಸೆ ಬಿಟ್ಟರೆ 518 ರೂಪಾಯಿ. ಅದೇ ಏಳು ಸಾಮಾನು, ಅಷ್ಟೇ ತೂಕ, ಮಾಮ್ ಕ್ರಯದಲ್ಲಿ 785. ಉಳಿದದ್ದು 267. ಸರಕಾರ ಹೇಳಿದ 35 ಶೇಕಡಕ್ಕೆ ಹೆಚ್ಚು ಕಡಿಮೆ ಸರಿಯಾಗಿಯೇ ಬಂತು. ಏರಿಸಿದ ಮೇಲೂ ಇಷ್ಟು! ಹಳೆಯ ಕ್ರಯದಲ್ಲಾಗಿದ್ದರೆ ಅದು ಸುಮಾರು 350ಕ್ಕೆ ಮುಗಿಯುತ್ತಿತ್ತು, ಅದು ಬೇರೆ ಮಾತು.

ಕೌಂಟರಿನ ಚೇಚಿಗೆ, ಅಂದರೆ ಅಕ್ಕನಿಗೆ, ಕನ್ನಡ ಬರುತ್ತದೆ. ನಾನು ಚೀಟಿಯನ್ನು ಕನ್ನಡದಲ್ಲಿ ಓದಿದೆ, ಅವರು ಕಂಪ್ಯೂಟರಿಗೆ ಮಲಯಾಳಂನಲ್ಲಿ ಹೇಳಿಕೊಂಡು ಒತ್ತಿದರು. ಹೆಸರು ಅಂದಾಗ ಚೆರುಪಯರ್, ಉದ್ದು ಅಂದಾಗ ಉಳುನ್ನ್. ಇಬ್ಬರಿಗೂ ಒಂದೇ ಆಗುವ ಮಾತೆಂದರೆ 'ಸ್ಟಾಕ್ ಇಲ್ಲ'. ಅದಕ್ಕೆ ಅನುವಾದ ಬೇಡ. 2023ರ ಕೊನೆಯಲ್ಲಿ ಕೇರಳದ ಉದ್ದಕ್ಕೂ ಜನ ಕೇಳಿದ್ದು ಆ ಮಾತನ್ನೇ. ಎಂಟು ವರ್ಷ ಕ್ರಯ ಏರಿಸದೆ ಕೂತರೆ ಪೇಟೆಯ ಕ್ರಯಕ್ಕೂ ಅದಕ್ಕೂ ನಡುವಿನ ದುಡ್ಡನ್ನು ಯಾರಾದರೂ ತುಂಬಬೇಕಲ್ಲ? ಅದನ್ನು ತುಂಬಬೇಕಾದ ಸರಕಾರದ ಹತ್ತಿರ ದುಡ್ಡಿರಲಿಲ್ಲ. ಸಾಮಾನು ಕೊಟ್ಟ ವ್ಯಾಪಾರಿಗಳಿಗೆ ಬಾಕಿ ಏರಿತು, ಅವರು ಕಳಿಸುವುದನ್ನು ನಿಲ್ಲಿಸಿದರು. ಆಗ ಬೋರ್ಡಿನಲ್ಲಿ ತೊಗರಿಬೇಳೆಗೆ 65 ರೂಪಾಯಿ ಅಂತಲೇ ಇತ್ತು. ಬೇಳೆಯೇ ಇಲ್ಲದಿದ್ದರೆ 65 ಆದರೇನು, 6 ಆದರೇನು? ಕ್ರಯ ಏರಿದ್ದಕ್ಕೆ ಬೈದ ನಾನೇ ಏಪ್ರಿಲ್‌ನಲ್ಲಿ ಚೀಲ ತುಂಬಿಸಿಕೊಂಡು ಬಂದಾಗ ಸ್ವಲ್ಪ ತಣ್ಣಗಾದೆ.

ಒಂದು ತೊಂದರೆ ಮೆಣಸಿನದು. ಮಾವೇಲಿಯ ಮೆಣಸು ಖಾರದ್ದು. ನಮಗೆ ಬೇಕಾದದ್ದು ಬ್ಯಾಡಗಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಕೊದ್ದೆಲಿಗೆ, ಅಂದರೆ ಸಾಂಬಾರಿಗೆ, ಕೈ ಅಂದಾಜಿನಲ್ಲಿ ಹತ್ತು ಮೆಣಸು ಹಾಕುವ ಅಭ್ಯಾಸದವಳು ನಾನು. ಮೊದಲ ದಿನ ಮಗಳು ಎರಡು ತಂಬಿಗೆ ನೀರು ಕುಡಿದಳು. ಅಂಗಡಿಯದು ಇದರಲ್ಲಿ ಏನೂ ತಪ್ಪಿಲ್ಲ, ನಮ್ಮ ನಾಲಗೆಯ ಹಠ. ಈಗ ಎರಡನ್ನೂ ಬೆರೆಸಿ ಹುರಿಯುತ್ತೇನೆ. ಏಳು ಬ್ಯಾಡಗಿ, ಎರಡು ಮಾವೇಲಿ. ಸರಿಯಾಗುತ್ತದೆ.

ಮೇ ತಿಂಗಳು ಮಂಗಳೂರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮವರಿಗೆ ಅಲ್ಲಿಯ ಅಂಗಡಿಗಳ ಮೇಲೆ ಹಳೆಯ ಪ್ರೀತಿ. ಲಾಲ್‌ಬಾಗಿನ ಭಾರತ್ ಮಾಲ್‌ನಲ್ಲಿ ಬಿಗ್ ಬಜಾರ್ ಇತ್ತಲ್ಲ, ಆಗ ನಾವು ಹೊಸದಾಗಿ ಸಂಸಾರ ಹೂಡಿದವರು. ಬುಧವಾರ ಅಗ್ಗ, ಜನವರಿ 26ಕ್ಕೆ ಇನ್ನೂ ಅಗ್ಗ. ಹಳೆಯ ಬಟ್ಟೆ, ಪೇಪರು, ಪಾತ್ರೆ ಕೊಟ್ಟರೆ ಕೂಪನ್ ಕೊಡುವ ಒಂದು ಆಫರ್ ಬರುತ್ತಿತ್ತು. ಗುಜರಿಯವನು ಕೊಡುವುದಕ್ಕಿಂತ ಜಾಸ್ತಿ ರೇಟು. ನಮ್ಮವರು ಒಂದು ವರ್ಷದ ಪೇಪರನ್ನು ಎರಡು ಕಟ್ಟು ಮಾಡಿ ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು. ಕಂಡಕ್ಟರ್ ಲಗೇಜು ಹಾಕಿದ. ಕೂಪನ್ ಸಿಕ್ಕಿತು. ಆದರೆ ಕೂಪನ್ ನಡೆಯಬೇಕಾದರೆ ಅದರ ಹಲವು ಪಟ್ಟು ಸಾಮಾನು ಕೊಳ್ಳಬೇಕು. ಕೊಂಡರು. ಆ ಸಲ ತಂದ ಮೂರು ಬೆಡ್‌ಶೀಟಿನಲ್ಲಿ ಒಂದು ಇನ್ನೂ ಇದೆ, ಅಡಿಕೆ ಒಣಗಿಸುವಾಗ ಹಾಸುತ್ತೇವೆ.

ಈ ಸಲ ಹೋದದ್ದು ಬೇರೆ ಅಂಗಡಿಗೆ. ಹೆಸರು ಬೇಡ. ದೊಡ್ಡದು, ಎಸಿ, ತಳ್ಳುಗಾಡಿ ಎಲ್ಲ ಇದೆ. ಚೀಟಿಯ ಸಾಮಾನಿಗೆ ಮಾತ್ರ ಆದದ್ದು 1880. ಮಾಮ್ ಲೆಕ್ಕಕ್ಕಿಂತ ಸುಮಾರು 250 ಕಮ್ಮಿ. ಗೆದ್ದೆ ಅಂತ ನಮ್ಮವರ ಮುಖ ಅರಳಿತು. ಆದರೆ ಬಿಲ್ಲಿನ ಕೊನೆಯಲ್ಲಿ ಇದ್ದದ್ದು 3460. ಉಳಿದ 1580 ಎಲ್ಲಿಂದ ಬಂತು? ಪ್ಲಾಸ್ಟಿಕ್ ಡಬ್ಬಿಯ ಸೆಟ್ಟು, ನೂಡಲ್ಸ್ ಕಟ್ಟು, ಕಾಲೊರಸು, ಮಗಳಿಗೆ ಒಂದು ಟೀ ಶರ್ಟು, ಇವರಿಗೆ ಒಣದ್ರಾಕ್ಷಿ. ಒಂದೂ ಚೀಟಿಯಲ್ಲಿ ಇಲ್ಲ. ಅಂಗಡಿಯವರು ಬೇಳೆಯನ್ನು ಕೊನೆಯ ಮೂಲೆಯಲ್ಲಿ ಇಟ್ಟಿರುತ್ತಾರೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಾಡಿ ಅರ್ಧ ತುಂಬಿರುತ್ತದೆ. ಚೀಟಿಯ ಸಾಮಾನಿನಲ್ಲಿ ನಮಗೆ ಬಿಟ್ಟದ್ದನ್ನು ಕಾಲೊರಸಿನಲ್ಲಿ ವಾಪಸು ಪಡೆಯುವುದು. ಇದಕ್ಕೆ ಬಸ್ಸಿನ ದುಡ್ಡು ಸೇರಿಸಬೇಕು, ಇಬ್ಬರಿಗೆ ಹೋಗಿ ಬರಲು 200 ದಾಟಿತು. ರೈಲಿನಲ್ಲಿ ಹೋದರೆ ಅಗ್ಗ, ಆದರೆ ನಾವು ಅದರ ಸಮಯಕ್ಕೆ ಹೋಗಬೇಕೇ ಹೊರತು ಅದು ನಮ್ಮ ಸಮಯಕ್ಕೆ ಬರುವುದಿಲ್ಲ. ಮತ್ತೆ ಮಂಗಳೂರಿಗೆ ಹೋಗಿ ಗಡ್‌ಬಡ್ ಐಸ್‌ಕ್ರೀಂ ತಿನ್ನದೆ ಬರಲಿಕ್ಕಾಗುತ್ತದಾ? ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮಗಳ ವಾದ. ಒಪ್ಪಿದೆ.

ಆ ಅಂಗಡಿಯಲ್ಲಿ ಒಂದು ಅವಲಕ್ಕಿ ಪ್ಯಾಕೆಟ್ ನೋಡಿದೆ. ಎಂಆರ್‌ಪಿ 120 ಅಂತ ಅಚ್ಚಾಗಿದೆ, ಅದಕ್ಕೆ ಗೀಟು ಎಳೆದು ಪಕ್ಕದಲ್ಲಿ 69. ನಮ್ಮವರು ಎರಡು ಎತ್ತಿಕೊಂಡರು. ನಾನು ಚೀಟಿಯ ಬೆನ್ನು ತೋರಿಸಿದೆ. ಮಾಮ್ ಬಿಡಿ ಅವಲಕ್ಕಿ ಕೆಜಿಗೆ 60. ಎಂಆರ್‌ಪಿ ಎನ್ನುವುದು ಇದಕ್ಕಿಂತ ಜಾಸ್ತಿಗೆ ಮಾರಬಾರದು ಎನ್ನುವ ಗೆರೆ ಅಷ್ಟೇ. ಆ ಗೆರೆ ಎಲ್ಲಿ ಎಳೆಯಬೇಕೆಂದು ತೀರ್ಮಾನ ಮಾಡುವವರು ಪ್ಯಾಕ್ ಮಾಡಿದವರೇ. ಆಳೆತ್ತರಕ್ಕೆ ಗೆರೆ ಎಳೆದು ಸೊಂಟದ ಎತ್ತರಕ್ಕೆ ಮಾರಿದರೆ ನಮಗೆ ಅರ್ಧಕ್ಕರ್ಧ ಸಿಕ್ಕಿದ ಖುಷಿ. ಸೋಪು ಪೇಸ್ಟಿನಲ್ಲಿ ಹೀಗೆ ಆಗುವುದಿಲ್ಲ, ಅದೇ ಸೋಪು ಎಲ್ಲ ಕಡೆ ಇರುವುದರಿಂದ ಹೋಲಿಸಬಹುದು. ಅಂಗಡಿಯದ್ದೇ ಹೆಸರಿನ ಪ್ಯಾಕೆಟನ್ನು ಯಾವುದಕ್ಕೆ ಹೋಲಿಸುವುದು?

ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ತೊಕ್ಕೊಟ್ಟು ದಾಟಿದ ಮೇಲೆ ಬಿಲ್ ಬಿಡಿಸಿದೆ. ಬಟ್ಟೆ ಪುಡಿಗೆ 'ಒಂದು ಕೊಂಡರೆ ಒಂದು ಉಚಿತ' ಅಂತ ಶೆಲ್ಫಿಗೆ ಚೀಟಿ ಅಂಟಿಸಿದ್ದರು. ಬಿಲ್ಲಿನಲ್ಲಿ ಎರಡಕ್ಕೂ ದುಡ್ಡು ಬಿದ್ದಿದೆ. 115 ರೂಪಾಯಿ ಜಾಸ್ತಿ. ತಲಪಾಡಿ ಟೋಲ್ ಬಂದಿತ್ತು. ಇಳಿದು ವಾಪಸು ಹೋಗುವುದೇ? ಮನೆಗೆ ಬಂದು ಬಿಲ್ಲಿನ ಮೇಲಿನ ನಂಬರಿಗೆ ಫೋನ್ ಮಾಡಿದೆ. ಆಫರ್ ಇದ್ದದ್ದು ಪಕ್ಕದ ಶೆಲ್ಫಿನ ಒಂದು ಕೆಜಿ ಪ್ಯಾಕಿಗೆ, ನೀವು ತಂದದ್ದು ಎರಡು ಕೆಜಿದು ಎಂದರು. ಇರಬಹುದು. ಆದರೆ ಮಾಮ್ ಅಂಗಡಿಯಲ್ಲಿ ಇಂಥದ್ದಾದರೆ ಮರುದಿನ ಹಾಲು ಕೊಡಲು ಹೋಗುವಾಗ ಸರಿಮಾಡಿಕೊಂಡು ಬರುತ್ತಿದ್ದೆ.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ರವೆ ಎರಡು ಕೆಜಿ ಸಾಕಿತ್ತು. ಐದು ಕೆಜಿ ಕೊಂಡರೆ ಕೆಜಿಗೆ ಏಳೆಂಟು ರೂಪಾಯಿ ಕಮ್ಮಿ ಅಂತ ಐದು ತಂದೆವು. ಮೇ ತಿಂಗಳಲ್ಲಿ ಚೆನ್ನಾಗಿಯೇ ಇತ್ತು. ಮಳೆ ಹಿಡಿಯಿತು. ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಂದು ದಿನ ಉಪ್ಪಿಟ್ಟಿಗೆಂದು ಡಬ್ಬಿ ತೆಗೆದರೆ ರವೆ ಗಂಟುಗಂಟು, ಬಲೆ ಕಟ್ಟಿದ ಹಾಗೆ. ಕೈ ಹಾಕಿದರೆ ನೂಲು ಬರುತ್ತದೆ. ಗೆರಸೆಗೆ ಸುರಿದು ನೋಡಿದೆ, ಬಿಳಿ ಹುಳ. ಎರಡೂವರೆ ಕೆಜಿ ಕೋಳಿಗೆ ಹೋಯಿತು. ಹುರಿದು ಇಡಬೇಕಿತ್ತು ಅಂತ ದೊಡ್ಡಮ್ಮ ಬೈದರು. ಸರಿಯೇ. ಆದರೆ ನಮ್ಮ ಊರಿನ ಮಳೆಗಾಲಕ್ಕೆ ದೊಡ್ಡ ಕಟ್ಟಿನ ಅಗ್ಗ ಹೊಂದುವುದೇ ಇಲ್ಲ. ಉಪ್ಪು ಕರಗಿ ನೀರಾಗುವ ಊರಿದು.

ಜೂನ್‌ನಲ್ಲಿ ಉಪ್ಪಳದ ಕಡೆಯ ಸೂಪರ್ ಮಾರ್ಕೆಟ್. ಗಲ್ಫ್‌ನಿಂದ ಬಂದವರೊಬ್ಬರು ಇಟ್ಟದ್ದು. ಬೋರ್ಡಿನಲ್ಲಿ ಹೆಸರಿನ ಕೆಳಗೆ 'ಮಾರ್ಜಿನ್ ಫ್ರೀ' ಅಂತ ಇದೆ. ಈ ಮಾತಿಗೂ ಒಂದು ಕಥೆ ಇದೆ. 1990ರ ದಶಕದಲ್ಲಿ ತಿರುವನಂತಪುರದಲ್ಲಿ ಮಾರ್ಜಿನ್ ಫ್ರೀ ಮಾರ್ಕೆಟ್ ಅಂತ ಶುರುವಾಯಿತು. ಅಂಗಡಿ ಅವರವರದ್ದೇ, ಹೆಸರು ಎಲ್ಲರಿಗೂ ಒಂದೇ. ಎಂಆರ್‌ಪಿಗಿಂತ ಕಡಿಮೆಗೆ ಮಾರುವುದು ಎಂದರೇನೆಂದು ಕೇರಳದ ಸಣ್ಣ ಪೇಟೆಗಳಿಗೆ ತೋರಿಸಿಕೊಟ್ಟವರು ಅವರು. ಈಗ ಆ ಎರಡು ಶಬ್ದ ಯಾರ ಬೋರ್ಡಿನಲ್ಲಿ ಬೇಕಾದರೂ ಕಾಣಬಹುದು, ಹೋಟೆಲಿಗೆ 'ಶುಚಿ ರುಚಿ' ಅಂತ ಬರೆದ ಹಾಗೆ.

ಇಲ್ಲಿ ಬಿಲ್ 1990. ಮಾಮ್ ಲೆಕ್ಕಕ್ಕಿಂತ 140ರಷ್ಟು ಕಮ್ಮಿ. ಬೇಳೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಉಳಿದದ್ದೆಲ್ಲ ಸೋಪು, ಪುಡಿ, ಚಹಾಪುಡಿ, ಪೇಸ್ಟಿನಲ್ಲಿ. ನಾನು ನೋಟ್ ಮಾಡಿಕೊಳ್ಳುವುದನ್ನು ಕಂಡು ಮಾಲಕರೇ ಬಂದರು. ಅವರನ್ನು ಎಲ್ಲರೂ ಇಕ್ಕ, ಅಂದರೆ ಅಣ್ಣ, ಅನ್ನುವುದು. ಒಳ್ಳೆಯ ಮಾತುಗಾರರು. ಹೇಗೆ ಬಿಡುತ್ತೀರಿ ಅಂತ ಕೇಳಿದೆ. "ಟೀಚರ್, ನಾನು ಏಜೆನ್ಸಿಯವರಿಗೆ ಸಾಲ ಹೇಳುದಿಲ್ಲ. ಲೋಡ್ ಇಳಿಸಿದ ಹಾಗೆ ಕ್ಯಾಶ್. ಅದಕ್ಕೆ ಅವರು ಬಿಡ್ತಾರೆ, ನಾನು ನಿಮಗೆ ಬಿಡ್ತೇನೆ. ನಿಮಗೂ ಸಾಲ ಇಲ್ಲ" ಅಂದು ನಕ್ಕರು. ಆಮೇಲೆ ಮೇಲಿನ ಮಾಳಿಗೆ ತೋರಿಸಿದರು. ಚಪ್ಪಲಿ, ಬಕೆಟ್, ಆಟದ ಸಾಮಾನು, ಕುಪ್ಪಿ ಗ್ಲಾಸು. "ಅಂಗಡಿ ನಡೆಯುದು ಅದರಲ್ಲಿ."

ಅವರ ಅಂಗಡಿಯ ಎದುರೇ ಇನ್ನೊಂದು ಇತ್ತು. ಬಲೂನು ಕಟ್ಟಿ, ಕೂಪನಿಗೆ ಬಂಗಾರದ ನಾಣ್ಯ ಇಟ್ಟು ಉದ್ಘಾಟನೆ ಆದದ್ದು. ನಾನು ಹೋದಾಗ ಶಟರ್ ಎಳೆದಿತ್ತು, ಬೋರ್ಡು ಹಾಗೇ ಇತ್ತು. ಹೈವೇ ಅಗಲ ಮಾಡುವ ಕೆಲಸದಲ್ಲಿ ವಾಹನ ನಿಲ್ಲಿಸಲು ಜಾಗ ಹೋಯಿತು, ಗಿರಾಕಿಯೂ ಹೋದರು ಎಂದರು. ಬಾಡಿಗೆ ಕಟ್ಟಲಾಗಲಿಲ್ಲವಂತೆ.

ಬಾಡಿಗೆ ಅಂದಾಗ ಸ್ಟಾಫ್ ರೂಮಿನ ಚರ್ಚೆ ನೆನಪಾಗುತ್ತದೆ. ಪಂದ್ಯ ಮುಗಿದ ಮೇಲೆ ನಾನು ಬಿಲ್ಲುಗಳನ್ನು ಅಲ್ಲಿ ಹರಡಿದೆ. ನಮ್ಮ ಹಿಂದಿ ಟೀಚರ್ ಮೊದಲು ಚೆನ್ನೈಯಲ್ಲಿ ಇದ್ದವರು. ಅಲ್ಲಿ ಮನೆ ಹತ್ತಿರ ಸುಭಿಕ್ಷಾ ಇತ್ತಂತೆ. ಎಸಿ ಇಲ್ಲ, ಅಲಂಕಾರ ಇಲ್ಲ, ಗಲ್ಲಿಗೊಂದು ಸಣ್ಣ ಅಂಗಡಿ. ಅಕ್ಕಿ ಬೇಳೆಯ ಜೊತೆ ಮದ್ದು, ಮೊಬೈಲು ಕೂಡ ರಿಯಾಯಿತಿಯಲ್ಲಿ. 1997ರಲ್ಲಿ ಶುರುವಾಗಿ 2008ರ ಹೊತ್ತಿಗೆ ದೇಶದಲ್ಲಿ 1600ರಷ್ಟು ಅಂಗಡಿ. 2009ರ ಶುರುವಿನಲ್ಲಿ ಕೈಯಲ್ಲಿ ಕಾಸಿಲ್ಲದೆ ಎಲ್ಲ ಮುಚ್ಚಿತು. ಸಾಲದ ಮೇಲೆ ಬೆಳೆದದ್ದು, ಸಾಲ ನಿಂತ ಕೂಡಲೇ ಬಾಡಿತು. "ಅಷ್ಟು ಅಗ್ಗಕ್ಕೆ ಕೊಟ್ಟವರು ಮುಳುಗಿದರಲ್ಲ ಅಂತ ನಮಗೆಲ್ಲ ಬೇಜಾರಾಗಿತ್ತು" ಅಂದರು ಅವರು. ಸಮಾಜ ಟೀಚರ್ ಒಪ್ಪಲಿಲ್ಲ. "ಅಗ್ಗಕ್ಕೆ ಕೊಟ್ಟದ್ದು ಬ್ಯಾಂಕಿನವರ ದುಡ್ಡಿನಲ್ಲಿ. ಬ್ಯಾಂಕಿನ ದುಡ್ಡು ಅಂದರೆ ನಮ್ಮದೇ" ಅಂದರು.

ಬಿಗ್ ಬಜಾರ್ ಕಥೆಯೂ ಕೊನೆಗೆ ಬಾಡಿಗೆಗೇ ಬಂದು ನಿಂತದ್ದು. 2001ರಲ್ಲಿ ಕಿಶೋರ್ ಬಿಯಾನಿ ಶುರುಮಾಡಿದರು. ಸಾಲ ಮೊದಲೇ ಇತ್ತು, ಕೊರೋನಾದಲ್ಲಿ ಬಾಗಿಲು ಮುಚ್ಚಿತು. 2020ರ ಆಗಸ್ಟ್‌ನಲ್ಲಿ 24,713 ಕೋಟಿಗೆ ರಿಲಯನ್ಸ್‌ಗೆ ಮಾರುತ್ತೇವೆ ಅಂದರು, ಅಮೆಜಾನ್ ತಕರಾರು ಎತ್ತಿತು, ಕೋರ್ಟು ಕಚೇರಿ. ಅಷ್ಟರಲ್ಲಿ ಅಂಗಡಿಗಳ ಬಾಡಿಗೆ ಬಾಕಿ. 2022ರ ಫೆಬ್ರವರಿಯಲ್ಲಿ ರಿಲಯನ್ಸ್ ಅಂಗಡಿಗಳನ್ನೇ ಕೈಗೆ ತೆಗೆದುಕೊಂಡಿತು. ಎಷ್ಟೋ ಕಡೆ ಸ್ಮಾರ್ಟ್ ಬಜಾರ್ ಬೋರ್ಡು ಬಂತು. ಅದನ್ನು ಕೇಳಿ ನಮ್ಮವರು ಒಂದು ದಿನ ಊಟ ಮಾಡುವಾಗ ಮಾತಾಡಲಿಲ್ಲ. ಪೇಪರ್ ಕಟ್ಟಿನ ನೆನಪು ಬಂದಿರಬೇಕು.

ಬಾಡಿಗೆಯಿಂದ ತಪ್ಪಿಸಿಕೊಂಡದ್ದು ಡಿಮಾರ್ಟ್. ಅದು ನಾನು ಪರೀಕ್ಷೆ ಮಾಡಿದ ಅಂಗಡಿ ಅಲ್ಲ, ಬೆಂಗಳೂರಿನ ತಂಗಿಯ ಮನೆಗೆ ಹೋದಾಗ ನೋಡಿದ್ದು ಮಾತ್ರ. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ರಾಧಾಕಿಶನ್ ದಮಾನಿ ಮೊದಲ ಅಂಗಡಿ ತೆರೆದದ್ದು. ಆದಷ್ಟು ಕಡೆ ಕಟ್ಟಡ ಸ್ವಂತದ್ದು, ಬಾಡಿಗೆಯ ಕಾಟ ಇಲ್ಲ. ಸಾಮಾನು ಕೊಟ್ಟವರಿಗೆ ಬೇಗ ದುಡ್ಡು ಕೊಟ್ಟು ಕ್ರಯ ಇಳಿಸಿಕೊಳ್ಳುವುದು. ನಿಧಾನಕ್ಕೆ ಬೆಳೆದರು. 2017ರಲ್ಲಿ ಷೇರು ಬಿಟ್ಟಾಗ 299 ರೂಪಾಯಿಯದ್ದು ಮೊದಲ ದಿನವೇ 600 ದಾಟಿತು. ಯೋಚಿಸಿದರೆ ಉಪ್ಪಳದ ಇಕ್ಕ ಹೇಳಿದ್ದೂ ಅದನ್ನೇ ಅಲ್ವಾ? ಲೋಡ್ ಇಳಿಸಿದ ಹಾಗೆ ಕ್ಯಾಶ್. ಆಮೇಲೆ ವಿಚಾರಿಸಿದೆ, ಅವರ ಕಟ್ಟಡವೂ ಸ್ವಂತದ್ದೇ.

ಹಾಗಾಗಿ ಈಗ ನಾನು ಅಂಗಡಿಗೆ ಹೋದರೆ ಕ್ರಯ ನೋಡುವ ಮೊದಲು ಒಂದು ಯೋಚನೆ ಬರುತ್ತದೆ. ಈ ಬಿಟ್ಟ ದುಡ್ಡು ಯಾರ ಕಿಸೆಯಿಂದ? ಮಾವೇಲಿಯಲ್ಲಿ ಸರಕಾರದ ಕಿಸೆ, ತೂತು ಬಿದ್ದರೆ ಶೆಲ್ಫು ಖಾಲಿ. ಮಂಗಳೂರಿನಲ್ಲಿ ನನ್ನದೇ ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕುತ್ತಾರೆ. ಇಕ್ಕನದ್ದು ರೊಕ್ಕ ಕೊಟ್ಟ ರಿಯಾಯಿತಿ. ಮಾಮ್ ರಿಯಾಯಿತಿಯೇ ಕೊಡುವುದಿಲ್ಲ, ಬದಲಿಗೆ ಆರು ತಿಂಗಳು ಕಾಯುತ್ತಾರೆ.

ನಮ್ಮ ಮನೆಯಲ್ಲಿ ಚೀಟಿ ಈಗ ಮೂರು ತುಂಡಾಗಿದೆ. ತಿಂಗಳ ಮೊದಲ ವಾರ ಮಾವೇಲಿಗೆ ಫೋನ್ ಮಾಡಿ, ಸಬ್ಸಿಡಿ ಸಾಮಾನು ಬಂದಿದೆಯಾ ಕೇಳಿ, ಏಳನ್ನೂ ಅಲ್ಲಿಂದ. ಸೋಪು, ಪುಡಿ, ಚಹಾಪುಡಿ ಎರಡು ತಿಂಗಳಿಗೊಮ್ಮೆ ಉಪ್ಪಳದಿಂದ. ಉಳಿದ ಬೇಳೆ, ಸಕ್ಕರೆ, ರವೆ, ಅವಲಕ್ಕಿ, ಬ್ಯಾಡಗಿ ಮೆಣಸು ಮಾಮ್ ಹತ್ತಿರ. ರವೆ ಒಂದು ಕೆಜಿಯ ಮೇಲೆ ತರುವುದಿಲ್ಲ. ತಿಂಗಳಿಗೆ ಮುನ್ನೂರೈವತ್ತು, ನಾನೂರು ಉಳಿಯುತ್ತದೆ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿದಾಗ ಮಾವೇಲಿಯ ಅರ್ಧ ಲೀಟರ್ ಸಬ್ಸಿಡಿ ಎಣ್ಣೆಯನ್ನೂ ತಂದೆ. ಮನೆಯ ಎಣ್ಣೆಯಲ್ಲಿ ಒಂದಿಷ್ಟು ಮಾರಿದೆವು ಅನ್ನುವುದನ್ನು ಅಲ್ಲಿ ಹೇಳಲಿಲ್ಲ.

ಮಂಗಳೂರು ಬಿಟ್ಟೇ ಹೋಯಿತು ಅಂದುಕೊಂಡಿದ್ದೆ. ಹೋದ ವಾರ ಪೇಪರಿನ ಒಳಗಿನಿಂದ ಒಂದು ಹೊಳಪು ಕಾಗದ ಜಾರಿ ಬಿತ್ತು. ಅಲ್ಲಿ ಇನ್ನೊಂದು ದೊಡ್ಡ ಅಂಗಡಿ ತೆರೆಯುತ್ತದಂತೆ. ಸಕ್ಕರೆಯ ಕ್ರಯ ದೊಡ್ಡ ಅಕ್ಷರದಲ್ಲಿ, ಷರತ್ತು ಇರುವೆ ಸಾಲಿನ ಹಾಗೆ ಕೆಳಗೆ. ನಮ್ಮವರು ಕನ್ನಡಕ ಹಾಕಿ ಎರಡೂ ಬದಿ ಓದಿದರು. ಮಡಚಿ ಮೊಳೆಗೆ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಅಂಗಳದಿಂದಲೇ ಕೇಳಿದರು:

"ಬುಧವಾರ ನಿಂಗೆ ರಜೆ ಉಂಟಾ?"